ಊರಿಗೊಂದೇ ದೂರು

ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಚೇರಿಗೂ ಬೀದಿಗೂ ಅವರು ಬರೀ 'ಆಗತ್ತೆ'. ಬಾಗಿಲ ಚಿಲಕ ಕೂರುತ್ತಿಲ್ಲ ಎಂದರೂ ಆಗತ್ತೆ, ಮಗಳಿಗೊಂದು ಗಂಡು ಹುಡುಕಿಕೊಡಿ ಎಂದರೂ ಆಗತ್ತೆ. ಯಾವ ಕೆಲಸ ತಮ್ಮಿಂದ ಆಗದು ಎಂಬುದು ಅವರಿಗೆ ತಿಳಿಯುತ್ತಿದ್ದುದು ಆ ಕೆಲಸ ಪೂರ್ತಿ ಕೆಟ್ಟ ಮೇಲೆ.

ಅವರು ಕಂಪ್ಯೂಟರ್ ಪಂಡಿತರಾದದ್ದು ಹೀಗೆ. ಒಮ್ಮೆ ಕಚೇರಿಯ ಪ್ರಿಂಟರ್ ಕಾಗದ ನುಂಗಿಕೊಂಡು ಸುಮ್ಮನಾಯಿತು. ಎಲ್ಲರೂ ಸುತ್ತ ನಿಂತು ಸಾವಿನ ಮನೆಯವರಂತೆ ಮುಖ ಮಾಡಿದ್ದಾಗ ಆಗತ್ತೆಯವರು ಅದನ್ನು ಆರಿಸಿ ಮತ್ತೆ ಹಾಕಿದರು. ಅದು ಕೆಮ್ಮಿ ಕಾಗದ ಉಗುಳಿತು. ಅಂದಿನಿಂದ ಆ ಕಟ್ಟಡದಲ್ಲಿ ಕರೆಂಟಿನಿಂದ ಓಡುವ ಪ್ರತಿಯೊಂದಕ್ಕೂ ಅವರೇ ವೈದ್ಯರು.

ಹೀಗಿರುವಾಗ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಮೇಲಿನ ಕಚೇರಿಯ ಮೀಟಿಂಗ್ ಮುಗಿಸಿಕೊಂಡು ಕೆಂಪು ಮುಖದಲ್ಲಿ ಬಂದರು.

"ಪಕ್ಕದ ಊರಿನವರು ದೂರಿಗೆ ಅಂತ ವೆಬ್‌ಸೈಟ್ ಮಾಡಿದ್ದಾರಂತೆ. ಜನ ಮನೇಲೇ ಕೂತು ನೀರಿಲ್ಲ ಅಂತ ದೂರು ಕೊಡ್ತಾರಂತೆ. ಎಲ್ಲರ ಎದುರಿಗೆ ನನ್ನನ್ನ ನಿಲ್ಲಿಸಿ, ನಿಮ್ಮದೆಲ್ಲಿ ಅಂತ ಕೇಳಿದ್ರು ಕಣ್ರೀ! ನಮ್ಮಲ್ಲಿ ಯಾರಿಗಾದ್ರೂ ಮಾಡೋಕೆ ಬರತ್ತಾ?"

ಎಲ್ಲರೂ ನೆಲ ನೋಡಿದರು. ಆಗತ್ತೆಯವರು ಆಗಷ್ಟೇ ಲಕೋಟೆಯೊಂದರ ಬಾಯಿಗೆ ಅಂಟು ಹಚ್ಚುತ್ತಿದ್ದರು. ಯಾರಾದರೂ ಅವರ ಬಾಯಿಗೂ ಒಂದಿಷ್ಟು ಹಚ್ಚಿದ್ದರೆ ಮುಂದಿನ ಅನಾಹುತವೇ ಇರುತ್ತಿರಲಿಲ್ಲ.

"ಆಗತ್ತೆ ಸಾರ್," ಎಂದರು.

ಅವತ್ತೇ ಅವರು ಒಂದು ವಿಡಿಯೋ ಹುಡುಕಿದರು. 'ಸರಳ ವೆಬ್ ಅಪ್ಲಿಕೇಶನ್: ಏನೇನೂ ಗೊತ್ತಿಲ್ಲದವರಿಗಾಗಿ' ಎಂದು ಅದರ ತಲೆಬರಹ. ಈ ಅರ್ಹತೆ ತಮಗೆ ಪೂರ್ತಿಯಾಗಿ ಇದೆ ಎನ್ನಿಸಿ ಅವರಿಗೆ ಧೈರ್ಯ ಬಂತು. ವಿಡಿಯೋದಲ್ಲಿ ಕನ್ನಡಕದ ಮನುಷ್ಯನೊಬ್ಬ ಬಹಳ ತಾಳ್ಮೆಯಿಂದ, ಕೆಲಸ ಶುರುಮಾಡುವ ಮೊದಲು ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್ ಸಿದ್ಧ ಮಾಡಿಕೊಳ್ಳಬೇಕು ಎಂದು ಹೇಳಿದ. ಆಗತ್ತೆಯವರು ಅದನ್ನು ಹಾಗೆಯೇ ಸಾಹೇಬರಿಗೆ ಒಪ್ಪಿಸಿದರು.

"ಎನ್ವಿರಾನ್‌ಮೆಂಟ್ ಅಂದ್ರೆ?" ಎಂದು ಸಾಹೇಬರು ಹುಬ್ಬು ಗಂಟಿಕ್ಕಿದರು.

"ಅಂದ್ರೆ... ಪರಿಸರ ಸಾರ್."

ಸಾಹೇಬರು ತಲೆದೂಗಿದರು. "ನಿಜ. ಈ ಸಂತೆಯಲ್ಲಿ ಯಾರ ತಲೆ ಓಡತ್ತೆ ಹೇಳಿ!"

ಮಧ್ಯಾಹ್ನದೊಳಗೆ ಆಗತ್ತೆಯವರ ಮೇಜು ಕಿಟಕಿಯ ಪಕ್ಕಕ್ಕೆ ಹೋಯಿತು. ಸಾಹೇಬರ ಕೋಣೆಯಲ್ಲಿದ್ದ ಹೂಕುಂಡಗಳು ಬಂದು ಕಂಪ್ಯೂಟರಿನ ಎಡಕ್ಕೂ ಬಲಕ್ಕೂ ನಿಂತವು. ಠಸ್ಸೆ ಒತ್ತುವವರಿಗೆ ಮೆತ್ತಗೆ ಒತ್ತಬೇಕೆಂದು ತಾಕೀತಾಯಿತು. ದೂರಿನ ಕಿಟಕಿಯಲ್ಲಿ ಕೂರುತ್ತಿದ್ದ ಹೆಂಗಸು, ಎಲ್ಲರೂ 'ಕೌಂಟರ್ ಅಕ್ಕ' ಎನ್ನುತ್ತಿದ್ದ ಹಿರಿಯಾಕೆ, ಅವರಿಗಂತೂ ಸಂಕಟ. ಸಾರ್ವಜನಿಕರು ಇನ್ನು ಮುಂದೆ ಪಿಸುಮಾತಿನಲ್ಲಿ ದೂರಬೇಕೆಂದು ಸಾಹೇಬರು ಅಪ್ಪಣೆ ಕೊಟ್ಟಿದ್ದರು. ನೀರು ಬಾರದೆ ವಾರ ಕಳೆದವನು ಪಿಸುಗುಟ್ಟುವುದು ಹೇಗೆ? "ಮೆಲ್ಲಗೆ ಬೈಯಪ್ಪಾ, ಒಳಗೆ ಪರಿಸರ ನಡೀತಿದೆ," ಎಂದು ಅಕ್ಕ ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದರು.

ಪರಿಸರ ಎಂದರೆ ಗಿಡವಲ್ಲ, ಕಂಪ್ಯೂಟರಿನೊಳಗೆ ಇಳಿಸಿಕೊಳ್ಳಬೇಕಾದ ಸಲಕರಣೆಗಳು ಎಂದು ಆಗತ್ತೆಯವರಿಗೆ ವಿಡಿಯೋ ಮುಂದೆ ಸಾಗಿದಾಗ ಗೊತ್ತಾಯಿತು. ಅಷ್ಟರಲ್ಲಿ ಸಾಹೇಬರು ಸ್ವತಃ ಚೆಂಬು ಹಿಡಿದು ಗಿಡಗಳಿಗೆ ನೀರು ಹಾಕುತ್ತಿದ್ದರು. ಇನ್ನು ಹೇಳುವುದು ಹೇಗೆ?

ಮುಂದಿನ ದಿನಗಳು ಯುದ್ಧದ ದಿನಗಳು. ಕನ್ನಡಕದ ಮನುಷ್ಯ ಹೇಳಿದ್ದನ್ನೆಲ್ಲ ಇವರು ಇಳಿಸಿಕೊಂಡರು. ಅವನು ಟೈಪ್ ಮಾಡಿದ್ದನ್ನೇ ಇವರೂ ಟೈಪ್ ಮಾಡಿದರು. ಅವನಿಗೆ ಕಂಪ್ಯೂಟರ್ ಒಡನೆ ಉತ್ತರ ಕೊಡುತ್ತಿತ್ತು. ಇವರಿಗೆ ಮಾತ್ರ, ಅಂಥ ಆಜ್ಞೆಯೇ ಇಲ್ಲ ಎನ್ನುತ್ತಿತ್ತು. ದೊಡ್ಡ ಅಕ್ಷರದಲ್ಲಿ ಬರೆದರು. ಕೊನೆಗೆ 'ಪ್ಲೀಸ್' ಎಂದೂ ಸೇರಿಸಿದರು. ಇಳಿಸಿಕೊಂಡ ಸಲಕರಣೆ ಯಾವ ಜಾಗದಲ್ಲಿದೆಯೆಂದು ಕಂಪ್ಯೂಟರಿಗೆ ದಾರಿ ಹೇಳಿಕೊಡಬೇಕು, ಇಲ್ಲದಿದ್ದರೆ ಅದು ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಕುಂಡದ ಗಿಡ ಹೊಸ ಎಲೆ ಬಿಟ್ಟಿತ್ತು.

ದಾರಿ ಹೇಳಿಕೊಟ್ಟ ಮೇಲೆ ಯಂತ್ರ ಇನ್ನೊಂದು ವರಸೆ ತೆಗೆಯಿತು. ಆಗತ್ತೆಯವರು ಬೆವರುತ್ತಾ ಸಾಹೇಬರ ಕೋಣೆಗೆ ಹೋದರು.

"ಸಾರ್, ಅನುಮತಿ ನಿರಾಕರಿಸಲಾಗಿದೆ ಅಂತ ಬರ್ತಿದೆ."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಆಫೀಸಲ್ಲಿ, ನನ್ನ ಗಮನಕ್ಕೇ ತರದೆ, ಅನುಮತಿ ನಿರಾಕರಿಸೋಕೆ ಅವನ್ಯಾರು ರೀ?"

"ಕಂಪ್ಯೂಟರ್ ಸಾರ್."

"ನಾನು ಕೊಟ್ಟಿದ್ದೀನಿ ಅಂತ ಹೇಳಿ ಅದಕ್ಕೆ!"

ಆಗತ್ತೆಯವರು ವಾಪಸು ಬಂದು, ಎದುರಿಗೆ ಕಂಡ 'ಆಡಳಿತಾಧಿಕಾರಿಯಾಗಿ ನಡೆಸು' ಎಂಬುದನ್ನು ಒತ್ತಿದರು. ಕೆಲಸವಾಯಿತು. ತಮ್ಮ ಮಾತು ಯಂತ್ರದ ಮೇಲೂ ನಡೆಯುತ್ತದೆ ಎಂದು ಸಾಹೇಬರು ಆಮೇಲೆ ಬಹಳ ಕಡೆ ಹೇಳಿಕೊಂಡರು.

ಮನೆಯಲ್ಲಿಯೂ ಅದೇ ಸುದ್ದಿ. ಆಗತ್ತೆಯವರು ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಕೂಗಿ ಹೇಳಿದರು. "ಅತ್ತೆ, ಸರ್ವರ್ ಓಡ್ತಾ ಇದೆ!"

ಅತ್ತೆಗೆ ಸರ್ವರ್ ಎಂದರೆ ಹೋಟೆಲಿನಲ್ಲಿ ಕಾಫಿ ತಂದಿಡುವವನು. "ಅಯ್ಯೋ ಪಾಪ, ಯಾವ ಹೋಟೆಲಿನೋನು ಅಳಿಯಂದ್ರೇ? ಗಲ್ಲಾಪೆಟ್ಟಿಗೆ ಎತ್ಕೊಂಡು ಓಡಿದ್ನಾ?"

"ಅದಲ್ಲ ಅತ್ತೆ. ಅದು ಯಾವಾಗ್ಲೂ ಓಡ್ತಾನೇ ಇರಬೇಕು. ನಿಂತ್ರೇ ಕಷ್ಟ."

"ಕೂತ್ಕೊಳ್ಳೋಕೂ ಬಿಡಲ್ವಾ? ನಿಮ್ಮ ಸಾಹೇಬರು ಮನುಷ್ಯರೇನ್ರೀ?"

ಹೆಂಡತಿ ಅಡುಗೆಮನೆಯಿಂದ ಇಣುಕಿ, "ಅದೇನಾದ್ರೂ ಓಡ್ಲಿ, ನಲ್ಲಿ ನೀರು ಯಾಕೋ ಓಡ್ತಾ ಇಲ್ಲ. ಸ್ವಲ್ಪ ನೋಡಿ," ಎಂದಳು. ಆಗತ್ತೆಯವರು ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಆ ದಿನ ಬಂತು. ಈಗ ಬ್ರೌಸರಿನಲ್ಲಿ ಈ ವಿಳಾಸ ಬರೆಯಿರಿ ಎಂದ ಕನ್ನಡಕದ ಮನುಷ್ಯ. ಲೋಕಲ್‌ಹೋಸ್ಟ್, ಎರಡು ಚುಕ್ಕೆ, ಎಂಟು, ಮೂರು ಸೊನ್ನೆ. ಇವರು ಬರೆದರು. ಬಿಳಿ ಹಾಳೆಯ ಮೇಲೆ ತಾವೇ ಕೂಡಿಸಿದ ಸಾಲು ಮೂಡಿತು: 'ನಿಮ್ಮ ದೂರು ಇಲ್ಲಿ ಬರೆಯಿರಿ.' ಆಗತ್ತೆಯವರು ಕುಣಿದ ಕುಣಿತಕ್ಕೆ ಮೊಣಕಾಲು ಮೇಜಿಗೆ ಬಡಿಯಿತು. ಏನೋ ಹೇಳಲು ಬಾಯಿ ತೆರೆದಿದ್ದ ಕನ್ನಡಕದವನನ್ನು ಅಲ್ಲಿಗೇ ನಿಲ್ಲಿಸಿ, ಕುಂಟುತ್ತಲೇ ಸಾಹೇಬರನ್ನು ಕರೆತಂದರು.

ಸಾಹೇಬರು ಅದೇ ಕಂಪ್ಯೂಟರಿನಲ್ಲಿ, ಒಂದೇ ಬೆರಳಿನಲ್ಲಿ, 'ನನ್ನ ಕೋಣೆಯ ನಲ್ಲಿ ಸೋರುತ್ತಿದೆ' ಎಂದು ಬರೆದು ಒತ್ತಿದರು. ದೂರು ಸ್ವೀಕರಿಸಲಾಗಿದೆ ಎಂದು ಬಂತು. ಅವರ ಕಣ್ಣು ಒದ್ದೆಯಾಯಿತು.

"ವಿಳಾಸ ಏನಂದ್ರಿ? ಲೋಕಲ್! ಭೇಷ್. ನಮ್ಮ ಲೋಕಲ್ ಜನಕ್ಕೆ ಮಾಡಿದ್ದು, ಹೆಸರೂ ಹಾಗೇ ಇಟ್ಟಿದ್ದೀರಿ. ಈಗ ನನ್ನ ದೂರು ಅಳಿಸಿಬಿಡಿ. ಶುರುವಿನಲ್ಲೇ ದೂರು ಇರಬಾರದು."

ಆ ವಾರದಲ್ಲೇ ಊರಿನ ಎತ್ತರದ ನೀರಿನ ಟ್ಯಾಂಕಿನ ಮೇಲೆ ಆ ವಿಳಾಸ ಆಳೆತ್ತರದ ಅಕ್ಷರಗಳಲ್ಲಿ ಬಂತು. ಎರಡು ಚುಕ್ಕೆ ಯಾಕೆ ಎಂದು ಪೇಂಟರ್ ಕೇಳಿದ್ದಕ್ಕೆ ಸಾಹೇಬರು, "ಅವೇ ಮುಖ್ಯ, ದೊಡ್ಡದಾಗಿ ಹಾಕು," ಎಂದಿದ್ದರು. ದೂರದಿಂದ ನೋಡಿದರೆ ಟ್ಯಾಂಕಿಗೆ ಕಣ್ಣು ಬಿಡಿಸಿದಂತಿತ್ತು.

ಇಷ್ಟಾದ ಮೇಲೆ ದೂರಿನ ಕಿಟಕಿ ಯಾಕೆ? ಅದಕ್ಕೆ ಹಲಗೆ ಬಡಿದರು. ಕೌಂಟರ್ ಅಕ್ಕನನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಹಾಕಿದರು. ಬೆಳಕಿಲ್ಲದ, ಧೂಳು ತುಂಬಿದ ಜಾಗ. ಆಕೆ ತಮ್ಮ ನೀರಿನ ಬಾಟಲಿ, ಕುರ್ಚಿಯ ಮೆತ್ತೆ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಆಗತ್ತೆಯವರು ಎದುರಾದರು.

"ಒಳ್ಳೇ ಕೆಲಸ ಮಾಡ್ದೆ ಕಣಪ್ಪಾ," ಎಂದರು ಅಕ್ಕ. "ಪಾಪ, ಮುದುಕರು ಮಕ್ಕಳು ಬಿಸಿಲಲ್ಲಿ ಸಾಲು ನಿಲ್ಲೋದು ತಪ್ಪಿತು."

ಆ ಮಾತಿಗೆ ಆಗತ್ತೆಯವರ ಎದೆ ಉಬ್ಬಿತು. ಆಕೆ ಎಲ್ಲಿಗೆ ಹೋಗುತ್ತಿದ್ದಾರೆಂದು ಅವರು ಕೇಳಲಿಲ್ಲ.

ಆಮೇಲೆ ನಡೆದದ್ದು ಪವಾಡ. ಊರಿನಲ್ಲಿ ದೂರುಗಳೇ ನಿಂತುಹೋದವು. ಸಾಹೇಬರು ದಿನವೂ ಬಂದು ಕಂಪ್ಯೂಟರ್ ನೋಡುವರು, ಸೊನ್ನೆ. ಮೇಲಿನ ಕಚೇರಿಗೂ ಸೊನ್ನೆ ಎಂದೇ ತಿಳಿಸಿದರು. ಬೀದಿಬೀದಿಯ ವಾಲ್ವ್ ತಿರುಗಿಸುವ, ಒಡೆದ ಪೈಪು ಕಟ್ಟುವ ನೀರಗಂಟಿ ಕೆಲಸವಿಲ್ಲದೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಸ್ಪ್ಯಾನರಿಗೆ ಎಣ್ಣೆ ಹಚ್ಚತೊಡಗಿದ. ಯಾರಾದರೂ ಹಳೇ ಅಭ್ಯಾಸದಲ್ಲಿ ದೂರಲು ಬಂದರೆ ಬಾಗಿಲ ಕಾವಲುಗಾರ ಟ್ಯಾಂಕಿನ ಕಡೆ ಬೆರಳು ತೋರಿಸಿ, "ಓದೋಕೆ ಬರಲ್ವಾ?" ಎನ್ನುತ್ತಿದ್ದ. ಅವರು ನಾಚಿಕೊಂಡು ಹೋಗುತ್ತಿದ್ದರು.

ಆಗತ್ತೆಯವರ ಬೀದಿಯಲ್ಲೇ ನಲ್ಲಿಗಳು ಮೊದಲು ಸಣ್ಣಗೆ, ಆಮೇಲೆ ಹನಿಹನಿಯಾಗಿ, ಕೊನೆಗೆ ಬರೀ ಗಾಳಿಯಾಗಿ ಬಂದವು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಸಂಜೆ ಹೊತ್ತು ಮಾಳಿಗೆಯ ಮೇಲೆ ಫೋನನ್ನು ಆಕಾಶಕ್ಕೆ ಹಿಡಿದುಕೊಂಡು ಅಡ್ಡಾಡುತ್ತಿದ್ದರು.

"ದೂರು ಕೊಟ್ರಾ ಸಾರ್?" ಎಂದು ಆಗತ್ತೆಯವರು ಕೆಳಗಿನಿಂದ ಕೇಳಿದರು.

ಹೆಡ್‌ಮಾಸ್ಟರು ಫೋನನ್ನು ಜೇಬಿಗೆ ಹಾಕಿದರು. "ಕೊಡದೆ ಇರ್ತೀನಾ? ಕೊಟ್ಟೆ, ಕೊಟ್ಟೆ. ಸೊಗಸಾಗಿದೆ ಕಣಯ್ಯ. ಬಣ್ಣ ತುಂಬಾ ಚೆನ್ನಾಗಿ ಕೊಟ್ಟಿದ್ದೀಯ."

ಪುಟಕ್ಕೆ ಬಣ್ಣವೇ ಇರಲಿಲ್ಲ. ವಿನಯಕ್ಕೆ ಹಾಗೆಂದರು ಎಂದುಕೊಂಡು ಆಗತ್ತೆಯವರು ಹಲ್ಲು ಬಿಟ್ಟರು. ಮೂಲೆ ಅಂಗಡಿಯ ಟೈಲರ್ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದು, "ನಾನೂ ಕೊಟ್ಟೆ. ಒತ್ತಿದ ತಕ್ಷಣ ಸರ್ರಂತ ಹೋಯ್ತು!" ಎಂದ. ತನ್ನ ಫೋನ್ ಹಳೆಯದಾದ್ದರಿಂದ ತೆರೆಯುತ್ತಿಲ್ಲವೆಂದು ಅವನು ಹೊಸ ಫೋನ್ ಕೊಂಡಿದ್ದ. ಅದರಲ್ಲೂ ತೆರೆಯಲಿಲ್ಲ. ಅಷ್ಟು ದುಡ್ಡು ಸುರಿದ ಮೇಲೆ ಬರಲಿಲ್ಲ ಎಂದು ಯಾವ ಬಾಯಲ್ಲಿ ಹೇಳಿಯಾನು? ಊರಿಗೆ ಊರೇ ಹೀಗೆ. ತಮ್ಮೊಬ್ಬರಿಗೇ ತೆರೆಯಲು ಬರುತ್ತಿಲ್ಲವೆಂದು ಪ್ರತಿಯೊಬ್ಬರೂ ಒಳಗೊಳಗೇ ಕುಗ್ಗಿ, ಹೊರಗೆ ಬರುತ್ತದೆ ಎಂದು ಸಾಧಿಸಿದರು. ಮಾನದ ಮುಂದೆ ನೀರು ಯಾವ ಲೆಕ್ಕ!

ಹೆಂಡತಿಗೆ ಮಾತ್ರ ಪಾತ್ರೆ ತೊಳೆಯಬೇಕಿತ್ತು. "ನೀರಿನ ಆಫೀಸಲ್ಲಿ ಕೆಲಸ, ಮನೇಲಿ ನೀರಿಲ್ಲ. ನಿಮ್ಮ ಆ ಓಡೋ ಸರ್ವರಿಗೆ ಹೇಳಿ ಒಂದು ದೂರು ಹಾಕ್ರಿ," ಎಂದಳು. ಆಗತ್ತೆಯವರು ಕಚೇರಿಗೆ ಹೋಗಿ ತಮ್ಮ ಕಂಪ್ಯೂಟರಿನಲ್ಲಿ ಬರೆದರು. ಸ್ವೀಕರಿಸಲಾಗಿದೆ ಎಂದು ಬಂತು. ಆ ಹೊತ್ತಿಗೆ ಸಾಹೇಬರು ಪರದೆಯ ಕಡೆ ನೋಡುವುದನ್ನೂ ಬಿಟ್ಟಿದ್ದರು. ಬಾರದ ದೂರನ್ನು ದಿನಾ ನೋಡುವುದೇನು? ಹಾಗಾಗಿ ನೀರಗಂಟಿ ಬರಲೂ ಇಲ್ಲ.

"ಹಾಕಿದ್ರಾ?" ಎಂದಳು ಹೆಂಡತಿ ಒಂದು ಸಂಜೆ.

"ಹಾಕಿದೆ ಕಣೇ. ಬಂತು ಅಂತ ತೋರಿಸ್ತು."

"ಹಾಗಾದ್ರೆ ನಾನೂ ಒಂದು ಹಾಕ್ತೀನಿ. ಹೆಂಗಸರು ಹೇಳಿದ್ರೆ ಆದ್ರೂ ಕೇಳ್ತಾರೇನೋ." ಆಕೆ ತನ್ನ ಫೋನ್ ತೆಗೆದಳು. ಕಿಟಕಿಯಿಂದ ಟ್ಯಾಂಕು ಕಾಣುತ್ತಿತ್ತು. ನೋಡಿಕೊಂಡೇ ಬರೆದಳು. ತೆರೆಯಲಿಲ್ಲ. ಆಗತ್ತೆಯವರು ಕಿತ್ತುಕೊಂಡು ಬರೆದರು. ತೆರೆಯಲಿಲ್ಲ. ತಮ್ಮ ಫೋನಿನಲ್ಲಿ ಬರೆದರು. ಅತ್ತೆಯ ಫೋನಿನಲ್ಲಿ ಬರೆದರು.

"ಸರ್ವರ್ ಸುಸ್ತಾಗಿ ಎಲ್ಲೋ ಕೂತಿರಬೇಕು, ಪಾಪ," ಎಂದರು ಅತ್ತೆ.

ಆಗತ್ತೆಯವರು ಹಳೆಯ ವಿಡಿಯೋ ತೆಗೆದು, ತಾವು ಬಾಯಿ ಮುಚ್ಚಿಸಿದ್ದ ಕನ್ನಡಕದ ಮನುಷ್ಯನನ್ನು ಮತ್ತೆ ಮಾತಾಡಲು ಬಿಟ್ಟರು. ಅವನು ನಗುತ್ತಲೇ ಹೇಳಿದ: "ನೆನಪಿರಲಿ, ಲೋಕಲ್‌ಹೋಸ್ಟ್ ಅಂದರೆ ಇದೇ ಕಂಪ್ಯೂಟರ್ ಅಂತ ಅರ್ಥ. ಈ ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ. ಬೇರೆಯವರು ಬರೆದರೆ ಅದು ಅವರವರ ಫೋನಿನೊಳಗೇ ಹುಡುಕುತ್ತದೆ. ಸುಮ್ಮನೆ ಎಲ್ಲರಿಗೂ ಹಂಚಿ ಮುಜುಗರಪಡಬೇಡಿ."

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಕಿಟಕಿಯ ಹೊರಗೆ ಟ್ಯಾಂಕನ್ನು ನೋಡಿದಳು. "ಎಷ್ಟು ದೊಡ್ಡದಾಗಿ ಬರ್ಸಿದ್ದೀರ ರೀ," ಎಂದಳು. ಆಗತ್ತೆಯವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಊಟಕ್ಕೆ ಕೂತು ತುತ್ತನ್ನು ತಟ್ಟೆಯಲ್ಲೇ ಸುತ್ತಿಸಿ ಎದ್ದರು.

ಬೆಳಗ್ಗೆ ಬೇಗನೆ ಹೋಗಿ ಸಾಹೇಬರ ಕಾಲಿಗೆ ಬೀಳುವುದೆಂದು ನಿರ್ಧರಿಸಿಕೊಂಡೇ ಹೊರಟರು. ಆದರೆ ಕಚೇರಿಯ ಮುಂದೆ ಗುಡಿಸಿ, ಸುಣ್ಣ ಎಳೆದಿದ್ದರು. ದೂರೇ ಇಲ್ಲದ ಊರನ್ನು ಕಣ್ಣಾರೆ ನೋಡಬೇಕೆಂದು ಮೇಲಿನ ಕಚೇರಿಯ ದೊಡ್ಡ ಸಾಹೇಬರು ಬರುವವರಿದ್ದರು.

"ಸಾರ್, ಒಂದು ತಪ್ಪಾಗಿದೆ. ಅದು ಯಾರಿಗೂ ತೆರೆಯಲ್ಲ ಸಾರ್."

"ಇದೇ ರೀ ನಿಮ್ಮಲ್ಲಿ ನನಗೆ ಹಿಡಿಸೋದು, ಈ ವಿನಯ," ಎಂದು ಸಾಹೇಬರು ಅವರ ಬೆನ್ನು ತಟ್ಟಿದರು.

"ವಿನಯ ಅಲ್ಲ ಸಾರ್, ನಿಜ."

"ಅಂಗಿ ಗುಂಡಿ ಹಾಕ್ಕೊಳ್ಳಿ. ಕಾರು ಬಂತು."

ದೊಡ್ಡ ಸಾಹೇಬರು ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಹೂಕುಂಡಗಳ ನಡುವೆ ಕೂತು ಪರದೆ ನೋಡಿದರು. ಸೊನ್ನೆ ಇರಬೇಕಾದಲ್ಲಿ ಒಂದು ಇತ್ತು. ಸಾಹೇಬರ ಮುಖ ಬಿಳಿಚಿಕೊಂಡಿತು. ದೊಡ್ಡ ಸಾಹೇಬರು ಎಲ್ಲರಿಗೂ ಕೇಳುವಂತೆ ಓದಿದರು.

"'ನಮ್ಮ ಬೀದಿಯಲ್ಲಿ ಹಲವು ದಿನಗಳಿಂದ ನೀರಿಲ್ಲದೆ ಪಾತ್ರೆಗಳು ಬಿದ್ದಿದ್ದು, ಸದರಿ ಕಾರಣದಿಂದ ನನ್ನ ಹೆಂಡತಿ ನನ್ನೊಡನೆ ನೆಟ್ಟಗೆ ಮಾತಾಡುತ್ತಿಲ್ಲವಾದ್ದರಿಂದ, ತಾವು ಶೀಘ್ರ ಕ್ರಮ ಕೈಗೊಂಡು ಸಂಸಾರ ಉಳಿಸಬೇಕಾಗಿ ವಿನಂತಿ.' ಯಾರಿದು?"

ನೀರಗಂಟಿ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದ. ಆಗತ್ತೆಯವರು ಶಾಲಾ ಮಗುವಿನಂತೆ ಕೈಯೆತ್ತಿದರು.

"ಇದನ್ನ ಮಾಡಿದವರೂ ನೀವೇ ಅಂದ್ರು?"

"ಹೌದು ಸಾರ್."

"ಇಡೀ ಊರಲ್ಲಿ ನಿಮ್ಮೊಬ್ಬರಿಗೇ ನೀರಿಲ್ವಾ?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆಗತ್ತೆಯವರು ಅದನ್ನು ನುಂಗಿಕೊಂಡರು.

"ಯಾರಿಗೂ ಇಲ್ಲ ಸಾರ್. ಇದು ಈ ಡಬ್ಬಿಯೊಳಗೆ ಮಾತ್ರ ಇದೆ. ಈ ಕುರ್ಚೀಲಿ ಕೂತವರು ಮಾತ್ರ ದೂರು ಕೊಡಬಹುದು. ಈ ಕುರ್ಚೀಲಿ ಕೂರೋನು ನಾನೊಬ್ಬನೇ. ಹೊರಗೆ ಯಾರು ಬರೆದ್ರೂ ಅವರ ಫೋನು ಅವರನ್ನೇ ಹುಡುಕತ್ತೆ. ನನಗೆ ಗೊತ್ತಿರಲಿಲ್ಲ ಸಾರ್. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ."

ದೊಡ್ಡ ಸಾಹೇಬರು ಜೇಬಿನಿಂದ ಫೋನ್ ತೆಗೆದು ಬರೆದು ನೋಡಿದರು. ಕಾವಲುಗಾರ ನೋಡಿದ. ನೀರಗಂಟಿ ನೋಡಿದ. ಸಾಹೇಬರು ತಮ್ಮ ಫೋನನ್ನು ಜೋರಾಗಿ ಅಲುಗಿಸಿಯೂ ನೋಡಿದರು.

"ಮೊದಲು ದೂರು ತಗೋತಿದ್ದವರು ಯಾರು?" ಎಂದು ದೊಡ್ಡ ಸಾಹೇಬರು ಕೇಳಿದರು.

ಅಕ್ಕನನ್ನು ಕರೆಸಿದರು. ಆಕೆ ಮೆಟ್ಟಿಲು ಹತ್ತಿ ಬರುವಾಗ ಕೆಮ್ಮು ಮುಂಚೆ ಬಂತು, ಆಮೇಲೆ ಅಕ್ಕ. ತಲೆಗೂದಲ ಮೇಲೆಲ್ಲ ಧೂಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಆಕೆ ಬೈಯಲಿ ಎಂದು ಆಗತ್ತೆಯವರು ತಲೆತಗ್ಗಿಸಿ ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಅಕ್ಕ ಬೈಯಲಿಲ್ಲ. ಅರ್ಥವಾಗದವರಂತೆ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದರು.

"ಹಾಗಾದ್ರೆ ಜನ ಇಷ್ಟು ದಿನ ಯಾರ ಹತ್ರ ಹೇಳ್ಕೊಂಡ್ರು?"

ಸಾಹೇಬರು ಗಿಡದ ಒಣಗಿದ ಎಲೆಯೊಂದನ್ನು ಬಹಳ ಆಸಕ್ತಿಯಿಂದ ಕಿತ್ತರು.

ಮಧ್ಯಾಹ್ನವೇ ಹಲಗೆ ಕಿತ್ತು ದೂರಿನ ಕಿಟಕಿ ತೆರೆದರು. ಪೇಂಟರ್ ಮತ್ತೆ ಟ್ಯಾಂಕು ಹತ್ತಿದ. ನಿಜವಾದ ವೆಬ್‌ಸೈಟನ್ನು ಮೇಲಿನ ಕಚೇರಿಯವರೇ ಮಾಡಿಸಿಕೊಡುತ್ತಾರೆಂದೂ, ಅಲ್ಲಿಯವರೆಗೆ ಆಗತ್ತೆಯವರು ಅಕ್ಕನ ಪಕ್ಕದಲ್ಲಿ ಕೂತು ಪ್ರತಿಯೊಬ್ಬರ ದೂರನ್ನೂ ಮುಖ ಕೊಟ್ಟು ಕೇಳಬೇಕೆಂದೂ ದೊಡ್ಡ ಸಾಹೇಬರು ಹೇಳಿಹೋದರು. ಕೆಲಸ ಕಳೆದುಕೊಳ್ಳುತ್ತೇನೆಂದು ಹೆದರಿದ್ದ ಆಗತ್ತೆಯವರಿಗೆ ಇದು ಸಣ್ಣ ಶಿಕ್ಷೆ ಎನ್ನಿಸಿತು. ಮಾರನೆಯ ಬೆಳಗ್ಗೆ ಸಾಲು ನೋಡುವವರೆಗೆ.

ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ಪಿಸುಮಾತು ಯಾರದ್ದೂ ಇರಲಿಲ್ಲ. ಮೊದಲನೆಯವರೇ ಹೆಡ್‌ಮಾಸ್ಟರು.

"ನಾನು ಕಣ್ಣು ಮಂಜಾಗಿದೆ ಅಂತ ಕನ್ನಡಕ ಬದಲಾಯಿಸಿದೆ ಕಣಯ್ಯ. ನಲವತ್ತು ವರ್ಷ ಮಕ್ಕಳಿಗೆ ಓದೋದು ಕಲಿಸಿದೋನು, ನನಗೇ ಓದೋಕೆ ಬರ್ತಿಲ್ಲ ಅಂದ್ಕೊಂಡೆ."

"ತಪ್ಪಾಯ್ತು ಸಾರ್."

"ಬಣ್ಣ ಚೆನ್ನಾಗಿದೆ ಅಂತ ಬೇರೆ ಹೇಳ್ಬಿಟ್ಟೆ. ಅದನ್ನ ಯಾರಿಗೂ ಹೇಳ್ಬೇಡ," ಎಂದು ಅವರು ದನಿ ತಗ್ಗಿಸಿದರು.

ಟೈಲರ್ ಹೊಸ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಆಗತ್ತೆಯವರ ಮುಖವನ್ನೇ ಅಳತೆ ತೆಗೆದುಕೊಳ್ಳುವವನಂತೆ ಉದ್ದಕ್ಕೂ ಅಡ್ಡಕ್ಕೂ ನೋಡಿ, ಬೀದಿಯ ಹೆಸರು ಬರೆಸಿ ಹೋದ. ಮಗು ಎತ್ತಿಕೊಂಡವರು, ಖಾಲಿ ಕೊಡ ಹಿಡಿದವರು, ರಜೆ ಹಾಕಿ ಬಂದವರು, ಒಬ್ಬೊಬ್ಬರಿಗೂ ಆಗತ್ತೆಯವರು ತಪ್ಪಾಯ್ತು ಎಂದರು. ಹೇಳಿಹೇಳಿ ಗಂಟಲು ಒಣಗಿತು. ಕುಡಿಯೋಣವೆಂದರೆ ಕಚೇರಿಯ ನಲ್ಲಿಯಲ್ಲೂ ನೀರಿರಲಿಲ್ಲ. ಅಕ್ಕ ತಮ್ಮ ಬಾಟಲಿಯನ್ನು ಅವರ ಕಡೆ ಸರಿಸಿದರು. ಅದನ್ನು ಕುಡಿಯುವುದಂತೂ ಬೈಗುಳ ಕೇಳುವುದಕ್ಕಿಂತ ಕಷ್ಟವಾಯಿತು. ಎರಡು ಗುಟುಕು ಕುಡಿದು, ತಲೆ ಎತ್ತದೆ ಮುಚ್ಚಳ ತಿರುಗಿಸಿದರು.

ಅತ್ತ ನೀರಗಂಟಿಗೆ ಹಬ್ಬ. ಪ್ರತಿ ದೂರಿಗೂ, "ಕೊಡಿ, ಕೊಡಿ," ಎಂದು ಸ್ಪ್ಯಾನರ್ ತಿರುಗಿಸುತ್ತಾ ಸೈಕಲ್ ಹತ್ತುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಸಾಲಿನ ಕೊನೆಯವರು ಕಿಟಕಿಗೆ ಬಂದರು. ಆಗತ್ತೆಯವರು ಅಭ್ಯಾಸಬಲದಿಂದ ಮುಖ ನೋಡದೆ, "ತಪ್ಪಾಯ್ತಮ್ಮಾ," ಎಂದರು.

"ಅದು ಗೊತ್ತಿದೆ," ಎಂದಿತು ಪರಿಚಿತ ದನಿ.

ಹೆಂಡತಿ. ಬಗಲಲ್ಲಿ ಖಾಲಿ ಬಕೆಟ್. ಊರವರ ಜೊತೆ ಸಾಲಿನಲ್ಲೇ ನಿಂತು ಬಂದಿದ್ದಳು. ಗಂಡನನ್ನು ನೋಡದೆ ನೇರವಾಗಿ ಅಕ್ಕನ ಕಡೆ ತಿರುಗಿದಳು.

"ನನ್ನದು ಎರಡು ದೂರಿದೆ ಅಕ್ಕಾ. ಒಂದು ನೀರಿಂದು, ಒಂದು ಇವರದ್ದು. ಯಾವುದು ಮೊದಲು ಹೇಳ್ಲಿ?"

ಅಕ್ಕ ಪೆನ್ನಿನ ಮುಚ್ಚಳ ತೆಗೆದರು. "ಯಾವುದು ಬೇಗ ರಿಪೇರಿ ಆಗತ್ತೋ ಅದನ್ನ ಹೇಳಮ್ಮಾ."

ಹೆಂಡತಿ ಗಂಡನನ್ನು ತಲೆಯಿಂದ ಮೇಜಿನ ಅಂಚಿನವರೆಗೆ ಒಮ್ಮೆ ನಿಧಾನವಾಗಿ ನೋಡಿದಳು. ಬಕೆಟ್ಟನ್ನು ಕೆಳಗಿಟ್ಟಳು.

"ನೀರಿಂದೇ ಬರ್ಕೊಳ್ಳಿ," ಎಂದಳು.